ಲೆಕ್ಕ ಬರೆಯುವವರ ಕಣ್ಣಲ್ಲಿ ಕಡಲೂರಿನ ನಗರಸಭೆ

(ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪಿಸ್ಕಾಟವೇಯಲ್ಲಿ ಕರಾವಳಿ ಮೂಲದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಡಲ ತಡಿಯ ಊರಿನ ನಗರಸಭೆಯ ಬಗ್ಗೆ ಮಾತಾಡಿ ಅಂತ ಹೇಳಿದಾಗ ನಮ್ಮಲ್ಲೇ ಕೆಲವರು ನಕ್ಕರು. ಪಿಸ್ಕಾಟವೇಗೆ ಕಡಲೆಲ್ಲಿ ಉಂಟು, ಇರುವುದು ರಾರಿಟನ್ ಹೊಳೆ ಮಾತ್ರ. ನಿಜ. ಆದರೆ ಇಲ್ಲಿ ಕೂತವರಲ್ಲಿ ಹೆಚ್ಚಿನವರ ಮನೆ ಇರುವುದು ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ. ಈ ಮಾತು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಓದುವವರು ದಮಾಮ್, ಜುಬೈಲ್, ದುಬೈಯ ಕೋಣೆಗಳಲ್ಲಿ ಇರುವವರು. ಅವರ ಇಪ್ಪತ್ತು ವರ್ಷದ ದುಡಿಮೆಯೂ ಕಡಲಿನಿಂದ ಕೂಗಳತೆ ದೂರದ ಐದು ಸೆಂಟ್ಸು, ಹತ್ತು ಸೆಂಟ್ಸು ಜಾಗದಲ್ಲೇ ಕೂತಿದೆ. ಹಾಗಾಗಿ ವಿಷಯ ದೂರದ್ದಲ್ಲ.

ಲೆಕ್ಕದಿಂದಲೇ ಶುರು ಮಾಡುತ್ತೇವೆ, ನಮ್ಮ ಕಸುಬೇ ಅದು. 2020ರ ಜನಗಣತಿಯಲ್ಲಿ ಪಿಸ್ಕಾಟವೇಯ ಜನಸಂಖ್ಯೆ 60 ಸಾವಿರ ಚಿಲ್ಲರೆ. 2011ರ ಜನಗಣತಿಯಲ್ಲಿ ಉಳ್ಳಾಲದ್ದು 53 ಸಾವಿರ ಚಿಲ್ಲರೆ. ಹೆಚ್ಚುಕಮ್ಮಿ ಒಂದೇ ಅಳತೆಯ ಊರುಗಳು. ಪಿಸ್ಕಾಟವೇಯ ಕೌನ್ಸಿಲ್‌ನಲ್ಲಿ ಇರುವುದು 7 ಜನ: ನಾಲ್ಕು ವಾರ್ಡಿಗೆ ನಾಲ್ವರು, ಇಡೀ ಊರಿಗೆ ಮೂವರು. ಅದರ ಮೇಲೆ ಜನ ನೇರವಾಗಿ ಆರಿಸಿದ ಮೇಯರ್. ಉಳ್ಳಾಲ ನಗರಸಭೆಯಲ್ಲಿ 31 ವಾರ್ಡು, 31 ಸದಸ್ಯರು. ತಲೆ ಎಣಿಸಿದರೆ ನಮ್ಮೂರಿನ ಸದಸ್ಯನೇ ಜನರಿಗೆ ಹೆಚ್ಚು ಹತ್ತಿರ. ಬೀದಿದೀಪ ಹೋದರೆ ಅವನ ಮನೆಗೇ ಹೋಗಿ ಬಾಗಿಲು ಬಡಿಯಬಹುದು. ಇಲ್ಲಿ ಹಾಗೆ ಯಾರೂ ಹೋಗುವುದಿಲ್ಲ, ಫೋನು ಮಾಡ್ತಾರೆ.

ವ್ಯತ್ಯಾಸ ಇರುವುದು ಸಭೆಯ ಕೋಣೆಯಲ್ಲಿ. ನ್ಯೂಜೆರ್ಸಿಯಲ್ಲಿ 1975ರಿಂದ ಬಹಿರಂಗ ಸಭೆಗಳ ಕಾನೂನು ಉಂಟು. ಕೌನ್ಸಿಲ್ ಎಂದು ಕೂಡುತ್ತದೆ ಎಂದು ಮೊದಲೇ ನೋಟಿಸು ಕೊಡಬೇಕು, ಬಾಗಿಲು ತೆರೆದಿರಬೇಕು, ಸಭೆಯಲ್ಲಿ ಊರವರಿಗೆ ಮಾತಾಡಲು ಸಮಯ ಇಡಲೇಬೇಕು. ಬಜೆಟ್ ಪಾಸಾಗುವ ಮೊದಲು ಸಾರ್ವಜನಿಕ ವಿಚಾರಣೆ ನಡೆಯಬೇಕು. ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಹೆಸರು, ವಿಳಾಸ ಹೇಳಿ "ಈ ಸಾಲಿನಲ್ಲಿ ಇಷ್ಟು ಯಾಕೆ?" ಅಂತ ಕೇಳಬಹುದು. ಹೆಚ್ಚಿನ ಸಲ ಬರುವವರು ನಿವೃತ್ತರು, ಅದೂ ಬೆರಳೆಣಿಕೆ. ಆದರೂ ಅವರು ಬರ್ತಾರೆ ಎಂಬ ಕಾರಣಕ್ಕೇ ಲೆಕ್ಕ ಸರಿಯಾಗಿ ಬರೆಯಬೇಕಾಗ್ತದೆ.

ಬರುವುದಕ್ಕೆ ಕಾರಣವೂ ಉಂಟು. ಈ ರಾಜ್ಯದಲ್ಲಿ ಮನೆಯ ಆಸ್ತಿ ತೆರಿಗೆ 2024ರಲ್ಲಿ ಸರಾಸರಿ ವರ್ಷಕ್ಕೆ 10 ಸಾವಿರ ಡಾಲರ್ ದಾಟಿತು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಕು ಅಂದರೆ ಮನೆ ಇರುವವರಿಗೆಲ್ಲ ಎದೆ ಡವಡವ. ಅದರಲ್ಲಿ ಅರ್ಧದಷ್ಟು ಶಾಲೆಗೆ ಹೋಗ್ತದೆ, ಉಳಿದದ್ದು ಕೌಂಟಿಗೆ ಮತ್ತು ಊರಿಗೆ. ಇಷ್ಟು ಕೊಟ್ಟವ ಸುಮ್ಮನೆ ಕೂರುವುದಿಲ್ಲ. ನಮ್ಮೂರಲ್ಲಿ ತೆರಿಗೆ ಸಣ್ಣದು. ದೊಡ್ಡ ಕಾಮಗಾರಿಗೆ ಹಣ ಬರುವುದು ಹಣಕಾಸು ಆಯೋಗದ ಅನುದಾನ, ರಾಜ್ಯದ ಎಸ್‌ಎಫ್‌ಸಿ ಅನುದಾನ, ನಗರೋತ್ಥಾನ ಹೀಗೆ ಮೇಲಿನಿಂದ. ಹಣ ಎಲ್ಲಿಂದ ಬರುತ್ತದೋ ನಗರಸಭೆಯ ಮುಖ ಆ ಕಡೆಗೇ ಇರ್ತದೆ. ಬೆಂಗಳೂರಿನ ಕಡೆ.

ಇನ್ನು ಕಡಲಿಗೆ ಬರುತ್ತೇವೆ. ಬೇಸಿಗೆಯಲ್ಲಿ ಇಲ್ಲಿಂದ ಒಂದು ಗಂಟೆ ಕಾರು ಓಡಿಸಿ ಬೀಚಿಗೆ ಹೋದವರಿಗೆಲ್ಲ ಗೊತ್ತು, ಹೆಚ್ಚಿನ ಕಡೆ ಮರಳಿಗೆ ಕಾಲಿಡಲು ಬ್ಯಾಡ್ಜ್ ಬೇಕು, ಅದಕ್ಕೆ ದುಡ್ಡು ಕೊಡಬೇಕು. ಅಟ್ಲಾಂಟಿಕ್ ಸಿಟಿ, ವೈಲ್ಡ್‌ವುಡ್ ಹಾಗಿಲ್ಲ, ಅಲ್ಲಿ ಪುಕ್ಕಟೆ. ಅಲ್ಲಾಹನ ಕಡಲಿಗೆ ಟಿಕೇಟು ಎಂತದ್ದು ಅಂತ ನಮ್ಮ ಉಮ್ಮಂದಿರು ಇಲ್ಲಿಗೆ ಬಂದಾಗ ಕೇಳುವುದುಂಟು. ಟಿಕೇಟು ಕಡಲಿಗಲ್ಲ, ಕಾವಲುಗಾರರಿಗೆ, ಕಸ ತೆಗೆಯುವುದಕ್ಕೆ, ಶೌಚಾಲಯಕ್ಕೆ. ಆ ಖರ್ಚನ್ನು ವಸೂಲು ಮಾಡಲು ರಾಜ್ಯದ ಕಾನೂನು ಊರಿನ ಕೌನ್ಸಿಲ್‌ಗೆ ಅಧಿಕಾರ ಕೊಟ್ಟಿದೆ. 12 ವರ್ಷದೊಳಗಿನ ಮಕ್ಕಳಿಗೆ ಶುಲ್ಕ ಹಾಕುವ ಹಾಗಿಲ್ಲ.

ಆ ಅಧಿಕಾರವನ್ನು ಏವನ್-ಬೈ-ದ-ಸೀ ಎಂಬ ಸಣ್ಣ ಊರು 1970ರಲ್ಲಿ ಸ್ವಲ್ಪ ಎಳೆದಾಡಿತು. ಊರವರಿಗೆ ಕಡಿಮೆ ದರ, ಹೊರಗಿನವರಿಗೆ ಹೆಚ್ಚು ದರ ಎಂದು ನಿಯಮ ಮಾಡಿತು. ಪಕ್ಕದ ನೆಪ್ಚೂನ್ ಸಿಟಿಗೆ ಕಡಲ ಕಿನಾರೆ ಇಲ್ಲ. ಅದು ಕೋರ್ಟಿಗೆ ಹೋಯಿತು. 1972ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಹೇಳಿತು: ಕಡಲು ಮತ್ತು ಅಲೆ ತೊಳೆಯುವ ಮರಳು ಎಲ್ಲರ ಸೊತ್ತು, ಸರಕಾರ ಅದರ ಅಮಾನತುದಾರ ಮಾತ್ರ, ಶುಲ್ಕ ಹಾಕುವುದಾದರೆ ಊರವರಿಗೂ ಹೊರಗಿನವರಿಗೂ ಒಂದೇ ದರ ಇರಬೇಕು. ಅಮಾನತ್ ಅಂದರೆ ಏನು ಅಂತ ಈ ಸಭೆಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದ ಸುಪ್ರೀಂ ಕೋರ್ಟು ಕೂಡ ಇದೇ ತತ್ವವನ್ನು 1996ರಲ್ಲಿ ಬಿಯಾಸ್ ನದಿಯ ಪ್ರಕರಣದಲ್ಲಿ ಎತ್ತಿಹಿಡಿದಿದೆ. ದರ ಒಂದೇ ಆದ ಮೇಲೂ ಇಲ್ಲಿಯ ಕೆಲವು ಶ್ರೀಮಂತ ಊರುಗಳು ಸುಮ್ಮನಿಲ್ಲ ಬಿಡಿ. ಪಾರ್ಕಿಂಗ್ ಜಾಗ ಕಡಿಮೆ ಇಡುವುದು, ಶೌಚಾಲಯ ಕಟ್ಟದೆ ಇರುವುದು, ಹೀಗೆ ಹೊರಗಿನವರನ್ನು ದೂರ ಇಡುವ ಉಪಾಯ ಅವರಿಗೂ ಗೊತ್ತು.

ಇನ್ನೊಂದು ಊರಿನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಾರ್ವಿ ಸೀಡರ್ಸ್ ಅಂತ ಊರು, ಲಾಂಗ್ ಬೀಚ್ ದ್ವೀಪದಲ್ಲಿ. ಕಾಯಂ ವಾಸ ಇರುವವರು 400 ಜನರೂ ಇಲ್ಲ. ಆಡಳಿತ ನಡೆಸುವವರು ಮೂವರು ಕಮಿಷನರ್‌ಗಳು. ಕಡಲ್ಕೊರೆತ ತಡೆಯಲು ಅಲ್ಲಿ 22 ಅಡಿ ಎತ್ತರದ ಮರಳಿನ ದಿಬ್ಬ ಹಾಕುವ ಯೋಜನೆ ಬಂತು. ಕಾಮಗಾರಿ ಸೇನೆಯ ಇಂಜಿನಿಯರುಗಳದ್ದು. ಖರ್ಚಿನ ಪಾಲು ಹೀಗೆ: ನೂರು ಡಾಲರಿನಲ್ಲಿ ಕೇಂದ್ರದ್ದು 65, ರಾಜ್ಯದ್ದು 26 ಡಾಲರ್ 25 ಸೆಂಟು, ಊರಿನದ್ದು 8 ಡಾಲರ್ 75 ಸೆಂಟು. ಊರಿನ ಪಾಲು ಚಿಕ್ಕದು. ಆದರೆ ಜಾಗ ಬಿಡಿಸಿಕೊಳ್ಳುವ ಕೆಲಸ ಊರಿನದ್ದೇ. ಕಡಲಿಗೆ ಮುಖಮಾಡಿದ 82 ಜಾಗಗಳಲ್ಲಿ 66ರ ಮಾಲೀಕರು ಒಪ್ಪಿ ಸಹಿ ಹಾಕಿದರು. ಉಳಿದ ಕಡೆ ಭೂಸ್ವಾಧೀನ. ಅವರಲ್ಲೊಂದು ದಂಪತಿ, ದಿಬ್ಬದಿಂದ ನಮ್ಮ ಮನೆಯ ಕಡಲ ನೋಟ ಹೋಯಿತು, ಪರಿಹಾರ ಕೊಡಿ ಎಂದರು. ಊರು 300 ಡಾಲರ್ ಕೊಡ್ತೇವೆ ಎಂದಿತು. ಜೂರಿ 3 ಲಕ್ಷ 75 ಸಾವಿರ ಡಾಲರ್ ಕೊಡಿ ಎಂದಿತು!

ನಾನೂರು ಜನರ ಊರಿಗೆ ಅದೆಂತಹ ಹೊರೆ, ಯೋಚಿಸಿ. ಅಪೀಲು ನಡೆಯುತ್ತಿರುವಾಗ 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂತು. ದ್ವೀಪದ ಆಚೀಚೆ ಮನೆಗಳು ಹೋದವು, ಸೀಸೈಡ್ ಹೈಟ್ಸ್‌ನಲ್ಲಿ ರೋಲರ್ ಕೋಸ್ಟರೇ ಕಡಲಲ್ಲಿ ನಿಂತಿತು. ಹಾರ್ವಿ ಸೀಡರ್ಸ್‌ನ ದಿಬ್ಬದ ಹಿಂದಿನ ಮನೆಗಳು ಹೆಚ್ಚಿನವು ಉಳಿದವು. ಮರುವರ್ಷ ಜುಲೈಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ನಷ್ಟ ಲೆಕ್ಕ ಹಾಕುವಾಗ ದಿಬ್ಬದಿಂದ ಆ ಮನೆಗೆ ಸಿಕ್ಕ ರಕ್ಷಣೆಯನ್ನೂ ಜಮಾ ಬದಿಗೆ ಬರೆಯಬೇಕು ಅಂತ ತೀರ್ಪು ಕೊಟ್ಟಿತು. ಕೊನೆಗೆ ಆ ಪ್ರಕರಣ ಇತ್ಯರ್ಥ ಆದದ್ದು ಒಂದು ಡಾಲರಿಗೆ. ಬಿ.ಕಾಂ. ಮೊದಲ ವರ್ಷದಲ್ಲಿ ಕಲಿಸುವ ಡೆಬಿಟ್-ಕ್ರೆಡಿಟ್ ಪಾಠ ಇದು. ಅದನ್ನು ಜೂರಿಗೆ ಹೇಳಿಕೊಡಲು ಸುಪ್ರೀಂ ಕೋರ್ಟೇ ಬೇಕಾಯಿತು.

ಈಗ ಊರಿಗೆ ಹೋಗೋಣ. ಮಳೆಗಾಲ ಬಂದರೆ ಮುಕ್ಕಚ್ಚೇರಿ, ಕೈಕೋ, ಮೊಗವೀರಪಟ್ಣ, ಬಟ್ಟಪ್ಪಾಡಿಯ ವೀಡಿಯೋಗಳು ನಮ್ಮ ವಾಟ್ಸಾಪಿಗೆ ಬರ್ತವೆ. ತೆಂಗಿನ ಮರ ಬೀಳುವುದು, ಗೋಡೆ ಕುಸಿಯುವುದು, ಲಾರಿಯಲ್ಲಿ ತಂದು ಕಲ್ಲು ಹಾಕುವುದು. ಕೆಳಗೆ ಕಾಮೆಂಟು: "ನಗರಸಭೆ ಏನು ಮಾಡ್ತಾ ಉಂಟು?"

ಅಸಲು ವಿಷಯ ಇದು. ನಗರಸಭೆಯ ಕೈಯಲ್ಲಿ ಕಡಲು ಇಲ್ಲ. ತಡೆಗೋಡೆ ಬಂದರು ಇಲಾಖೆಯದ್ದು. ತುರ್ತು ಪರಿಹಾರ ತಹಶೀಲ್ದಾರ್ ಮತ್ತು ಜಿಲ್ಲಾಧಿಕಾರಿಯದ್ದು. ಕಿನಾರೆಯಲ್ಲಿ ಎಲ್ಲಿ ಕಟ್ಟಬಹುದು ಎಂಬ ಸಿಆರ್‌ಝಡ್ ನಿಯಮ ಕೇಂದ್ರದ್ದು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು ಸಾಲ ಮಂಜೂರು ಮಾಡಿ, ಆ ದುಡ್ಡಿನಲ್ಲಿ ಉಳ್ಳಾಲದ ಕಡಲಲ್ಲಿ ನೀರಿನಡಿಯ ರೀಫ್‌ಗಳು, ತೀರಕ್ಕೆ ಕಲ್ಲಿನ ಬರ್ಮ್‌ಗಳು, ಅಳಿವೆಯ ಬ್ರೇಕ್‌ವಾಟರ್ ದುರಸ್ತಿ, ಇಷ್ಟೆಲ್ಲ ಆಯಿತು. ಅದು ರಾಜ್ಯ ಮಟ್ಟದ ಯೋಜನೆ. ಹಾರ್ವಿ ಸೀಡರ್ಸ್‌ನ ಮೂವರು ಕಮಿಷನರ್‌ಗಳಿಗೆ 8 ಡಾಲರ್ 75 ಸೆಂಟಿನ ಪಾಲು ಇತ್ತು, ಹಾಗಾಗಿ ಮಾತಾಡಲು ಕುರ್ಚಿಯೂ ಇತ್ತು, ಸಹಿ ಕೇಳಲು ಮನೆ ಮನೆಗೆ ಹೋಗುವ ಜವಾಬ್ದಾರಿಯೂ ಇತ್ತು. ಕಡಲಿಗೆ ಅತ್ಯಂತ ಹತ್ತಿರ ಇರುವ ನಮ್ಮ 31 ಮಂದಿಗೆ ಆ ಲೆಕ್ಕದಲ್ಲಿ ಪಾಲಿಲ್ಲ. ಪಾಲಿಲ್ಲದವನನ್ನು ಬೈದು ಪ್ರಯೋಜನ ಏನು? ಕೇಳಬೇಕಾದ್ದು ಪಾಲನ್ನು.

ಹಾಗಾದರೆ ನಗರಸಭೆಯ ಕೈಯಲ್ಲಿ ಇರುವುದು ಏನು? ಚರಂಡಿ, ಕಸ, ಬೀದಿದೀಪ, ಕುಡಿಯುವ ನೀರು, ಒಳರಸ್ತೆ, ಕಟ್ಟಡ ಪರವಾನಿಗೆ, ಖಾತೆ, ಜನನ-ಮರಣ ನೋಂದಣಿ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರಲ್ಲಿ ಇದೆಲ್ಲ ಬರ್ತದೆ. ಕಡಲೂರಿನಲ್ಲಿ ಇವು ಸಣ್ಣ ವಿಷಯ ಅಲ್ಲ. ಚರಂಡಿಯ ಬಾಯಿ ಮರಳಿನಿಂದ ಮುಚ್ಚಿದರೆ ಮಳೆನೀರು ಕಡಲಿಗೆ ಹೋಗುವ ಬದಲು ಮನೆಯೊಳಗೆ ಬರ್ತದೆ. ಮರಳು ನೆಲದಲ್ಲಿ ಪಿಟ್ಟು ಮತ್ತು ಬಾವಿ ಪಕ್ಕ ಪಕ್ಕ ಇದ್ದರೆ ಏನಾಗ್ತದೆ ಅಂತ ಬಾವಿ ನೀರೇ ಹೇಳ್ತದೆ.

ಪರವಾನಿಗೆ ವಿಷಯದಲ್ಲಿ ಗಲ್ಫಿನ ನಮ್ಮ ಹುಡುಗರಿಗೆ ಒತ್ತಿ ಹೇಳಬೇಕಾದ್ದು ಉಂಟು. ಕಡಿಮೆ ರೇಟು ಅಂತ ಕಡಲ ಬದಿ ಜಾಗಕ್ಕೆ ಅಡ್ವಾನ್ಸ್ ಕಳಿಸುವ ಮೊದಲು ಅದು ಸಿಆರ್‌ಝಡ್‌ನ ಯಾವ ವಲಯದಲ್ಲಿ ಬರ್ತದೆ ಅಂತ ಕೇಳಿ. ಪೇಟೆಯಾಗಿ ಬೆಳೆದ ವಲಯದಲ್ಲಿ, ಅಂದರೆ ಸಿಆರ್‌ಝಡ್ ಎರಡರಲ್ಲಿ, ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಊರಬದಿಗೆ ಮಾತ್ರ ಹೊಸ ಮನೆಗೆ ಅವಕಾಶ, ಕಡಲಬದಿಗೆ ಇಲ್ಲ. ಬ್ರೋಕರ್ ಇದನ್ನು ಹೇಳುವುದಿಲ್ಲ. ಸೋಮೇಶ್ವರ ಪಂಚಾಯತ್ ಇದ್ದದ್ದು ಪುರಸಭೆ ಆಗಿದೆ, ಹಿಂದೆ 9/11 ಹೇಳ್ತಿದ್ದ ಕಡೆ ಈಗ ನಮೂನೆ 3ರ ಇ-ಖಾತೆ. ಹಳೆ ಕಾಗದ ಪೆಟ್ಟಿಗೆಯಲ್ಲಿಟ್ಟು ಕೂತರೆ ನಾಳೆ ಪರಿಹಾರ ಕೇಳುವಾಗಲೂ, ಬ್ಯಾಂಕ್ ಸಾಲಕ್ಕೂ, ಮಕ್ಕಳಿಗೆ ಪಾಲು ಮಾಡುವಾಗಲೂ ತೊಂದರೆ.

ತೆರಿಗೆಯದ್ದೂ ಹೇಳಿಬಿಡುತ್ತೇವೆ. ಸ್ವಯಂ ಘೋಷಿತ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಇದ್ದಷ್ಟೇ. ಆಮೇಲೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ. ವರ್ಷಕ್ಕೆ 24 ಆಯಿತು. ಬೀಗ ಹಾಕಿದ ಮನೆಗೂ ತೆರಿಗೆ ಉಂಟು. ರಶೀದಿಯಲ್ಲಿ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಅಂತ ಬೇರೆ ಸಾಲು ಇರ್ತದೆ. ಅದು ನಗರಸಭೆಯ ಕಿಸೆಗೆ ಹೋಗುವುದಲ್ಲ, ವಸೂಲು ಮಾಡಿ ದಾಟಿಸುವುದು.

ಸದಸ್ಯರ ಬಗ್ಗೆ ಒಂದು ನೆನಪು. ಉಳ್ಳಾಲವೂ ಸೇರಿ ರಾಜ್ಯದ ಹಲವು ನಗರಸಭೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಹೈಕೋರ್ಟಿನಲ್ಲಿ ಸಿಕ್ಕಿಬಿತ್ತು. ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಗೆ. ಗೆದ್ದವರು ಎರಡು ವರ್ಷ ಗೆದ್ದ ಸರ್ಟಿಫಿಕೇಟು ಹಿಡಿದು ಮನೆಯಲ್ಲಿ ಕೂತರು, ಆಡಳಿತಾಧಿಕಾರಿ ಕಡತ ನೋಡಿದರು. ಆ ಎರಡು ಮಳೆಗಾಲದಲ್ಲೂ ಕಡಲು ತನ್ನ ಕೆಲಸ ಬಿಡಲಿಲ್ಲ. ಇಂಥ ಖಾಲಿ ಕುರ್ಚಿಯ ವಿರುದ್ಧ ಊರಲ್ಲಿ ದೊಡ್ಡ ಗಲಾಟೆ ಆಗಲಿಲ್ಲ ಎಂಬುದೇ ನಮಗೆ ಹೆಚ್ಚು ಚಿಂತೆಯ ವಿಷಯ.

ಮೈಕಿನ ಮುಂದೆ ನಿಲ್ಲುವ ಅವಕಾಶ ನಮ್ಮೂರಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್ ತಯಾರಿಸುವ ಮೊದಲು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯಬೇಕು, ನಡೆಯುತ್ತದೆ ಕೂಡ. ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರ್ತದೆ. ನಾವು ವಿದೇಶದಲ್ಲಿ, ಮನೆಯಲ್ಲಿ ಇರುವುದು ಉಮ್ಮ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ತೆರಿಗೆ ಕಟ್ಟುವುದು ಅವರು, ನೀರು ಬಾರದಾಗ ಕೊಡ ಹಿಡಿಯುವುದು ಅವರು, ಅಲೆ ಬಂದಾಗ ಪೆಟ್ಟಿಗೆ ಹೊರುವುದು ಅವರು. ಆ ಸಭೆಗೆ ಅವರು ಹೋಗಲಿ. ಒಂದು ಬೀದಿಯಿಂದ ಐದು ಹೆಂಗಸರು ಹೋಗಿ ಕೂತರೆ ಸಾಕು. ಕೇಳಬೇಕಾದ್ದು ಒಂದೇ ಸಾಲು: ಕಡಲ ಬದಿಯ ವಾರ್ಡುಗಳಿಗೆ ಮಳೆಗಾಲದ ಮೊದಲು ಚರಂಡಿ ಬಾಯಿ ಬಿಡಿಸಲು, ಅಪಾಯದ ಮನೆಗಳ ಪಟ್ಟಿ ಮಾಡಲು, ಆಶ್ರಯಕ್ಕೆ ಶಾಲೆಯ ಕೋಣೆ ಸಜ್ಜು ಮಾಡಲು ಪ್ರತ್ಯೇಕ ಮೊತ್ತ ಇಡಿ. ಮೊತ್ತ ಲಕ್ಷ ಇರಲಿ, ಎರಡು ಲಕ್ಷ ಇರಲಿ. ಬಜೆಟ್ ಪುಸ್ತಕದಲ್ಲಿ ಕಡಲಿನ ಹೆಸರಿನ ಒಂದು ಸಾಲು ಬಂದರೆ ಮರುವರ್ಷ ಅದರ ಖರ್ಚು ಎಷ್ಟು, ಉಳಿದದ್ದು ಎಷ್ಟು ಅಂತ ಕೇಳಬಹುದು. ಇಲ್ಲದ ಸಾಲಿನ ಬಗ್ಗೆ ಯಾರೂ ಕೇಳುವ ಹಾಗಿಲ್ಲ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಉಂಟು, ಹತ್ತು ರೂಪಾಯಿ, 30 ದಿನ.

ಭಾರತದ ಪಾಸ್‌ಪೋರ್ಟು ಇರುವವರು ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಹೋಗಬೇಕು. ರಜೆ ಹಾಕುವಾಗ ಮದುವೆಯ ತಾರೀಕಿನ ಜೊತೆ ಚುನಾವಣೆಯ ತಾರೀಕನ್ನೂ ನೋಡಿ ಅಂತ ಹೇಳಿದರೆ ನೀವು ನಗ್ತೀರಿ, ಗೊತ್ತು.

ಪಿಸ್ಕಾಟವೇ ಕೌನ್ಸಿಲ್ ಸಭೆಗೆ ಬರುವವರು ಇದ್ದರೆ ಕೂಟ ಮುಗಿದ ಮೇಲೆ ಹೆಸರು ಕೊಡಿ, ಒಟ್ಟಿಗೆ ಹೋಗೋಣ. ಊರಲ್ಲಿ ಇ-ಖಾತೆ ಆಗದವರು ಕಾಗದದ ಫೋಟೋ ತಂದಿದ್ದರೆ ಊಟದ ಹೊತ್ತಿಗೆ ತೋರಿಸಿ, ನೋಡಿ ಹೇಳುತ್ತೇವೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.