ಆರನೆಯ ಸೂತಕ ಬೇಡ



ಕ್ಷಯದ ರೋಗಾಣು ಅನೇಕರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ಅದು ರೋಗವಾಗಿ ಏಳುವ ಸಂಭವ ಸಾಮಾನ್ಯರಿಗೆ ಜೀವಮಾನದಲ್ಲಿ ಶೇ. 5ರಿಂದ 10, ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಿಗೆ ವರ್ಷವೊಂದರಲ್ಲೇ ಹೆಚ್ಚುಕಡಿಮೆ ಅಷ್ಟು. ಏರಿ ಸಡಿಲಾದ ಕೆರೆ ಮೊದಲ ಮಳೆಗೇ ಒಡೆದಂತೆ. ಒಂದೇ ಸೂಜಿಯಿಂದ ಮಾದಕ ಮದ್ದು ಚುಚ್ಚಿಕೊಳ್ಳುವ ಹುಡುಗರಿಗಂತೂ ಇಮ್ಮಡಿ ಅಪಾಯ: ಸೂಜಿಯಿಂದ ಎಚ್‌ಐವಿ, ಇಕ್ಕಟ್ಟು ಕೋಣೆಯ ಗಾಳಿಯಿಂದ ಕ್ಷಯ. ಸೋಂಕಿತರು ಕೆಮ್ಮು ಎರಡು ವಾರವಾಗಲೆಂದು ಕಾಯಬಾರದು. ಕೆಮ್ಮು, ಜ್ವರ, ರಾತ್ರಿಬೆವರು, ತೂಕ ಇಳಿಕೆ, ಒಂದು ಕಂಡರೂ ಸಾಕು, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಕ್ಷಯವಿಲ್ಲವೆಂದು ಖಚಿತವಾದರೆ ತಡೆಯುವ ಮಾತ್ರೆಯೂ ಇದೆ.

ಆದರೂ ಅವರು ಬರುವುದಿಲ್ಲ, ನಮ್ಮ ಕಣ್ಣಿಗೆ ಹೆದರಿ. ಶರಣರು ಐದು ಸೂತಕ ಕಳೆದರು. ನಾವು ಆರನೆಯದನ್ನು ಹುಟ್ಟಿಸಿದ್ದೇವೆ. ತಟ್ಟೆ, ಲೋಟದಿಂದ ಈ ಎರಡೂ ಹರಡುವುದಿಲ್ಲ. ಅಂಥವನೊಬ್ಬ ಸಿಕ್ಕರೆ ಮೊದಲು ಆಸ್ಪತ್ರೆಗೆ ಜೊತೆಗೆ ಹೋಗೋಣ, ಆಮೇಲೆ ದಾಸೋಹದ ಪಂಕ್ತಿಗೆ.