ರಾಜನಿಲ್ಲದ ಊರಿನ ತರಕಾರಿ ಮಾರ್ಕೆಟ್

ಇವತ್ತು ಒಂದೇ ಒಂದು ಚಿತ್ರದ ಬಗ್ಗೆ ಮಾತಾಡೋಣ. ಡಚ್ ಕಲಾವಿದ ಗೇಬ್ರಿಯೆಲ್ ಮೆಟ್ಸು ಸುಮಾರು 1660ರಲ್ಲಿ ಬರೆದ ಆಮ್‌ಸ್ಟರ್‌ಡ್ಯಾಮಿನ ತರಕಾರಿ ಮಾರುಕಟ್ಟೆ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಮೊಬೈಲ್‌ನಲ್ಲಿ ತೆಗೆದು, ಝೂಮ್ ಮಾಡಿ ನೋಡಿ.

ದೊಡ್ಡ ಮರ, ಹಿಂದೆ ಕಾಲುವೆ, ದೋಣಿ. ನೆಲದ ಮೇಲೆ ಕ್ಯಾರೆಟ್, ಹೂಕೋಸು. ಒಂದು ಕಡೆ ತರಕಾರಿ ಮಾರುವಾಕೆ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ನಿಂತಿದ್ದಾಳೆ. ನಡುವೆ ಬಕೆಟ್ ಹಿಡಿದ ಹೆಂಗಸು. ಕೆಂಪು ಬಟ್ಟೆಯವನೊಬ್ಬ ಅವಳನ್ನ ಮಾತಿಗೆಳೀತಿದ್ದಾನೆ. ನಾಯಿಯೊಂದು ಹುಂಜವನ್ನೇ ದಿಟ್ಟಿಸ್ತಿದೆ.

ರಾಜ ಇಲ್ಲ, ದೇವರಿಲ್ಲ, ಯುದ್ಧ ಇಲ್ಲ. ಯಾಕೆ ಗೊತ್ತಾ? ಆಗಿನ ಡಚ್ ಗಣರಾಜ್ಯದಲ್ಲಿ ರಾಜನೇ ಇರಲಿಲ್ಲ. ಅಲ್ಲಿನ ಪ್ರೊಟೆಸ್ಟಂಟ್ ಚರ್ಚುಗಳು ದೇವರ ಚಿತ್ರಗಳನ್ನ ಒಳಗೆ ಬಿಟ್ಕೊಳ್ತಿರಲಿಲ್ಲ. ಬೇರೆ ದೇಶಗಳಲ್ಲಿ ಕಲಾವಿದರನ್ನ ಸಾಕಿದ ಇಬ್ಬರು ದೊಡ್ಡ ಗಿರಾಕಿಗಳು ಇಲ್ಲಿ ಇಲ್ಲ! ಹಾಗಾಗಿ ಚಿತ್ರಗಳು ಊರಿನ ಜನರ ಮನೆಗೋಡೆಗೆ ಅಂತ ತಯಾರಾದವು. ಅಂಗಡಿಯಲ್ಲಿ, ಜಾತ್ರೆಯಲ್ಲಿ, ಲಾಟರಿಯಲ್ಲೂ ಮಾರಾಟವಾದವು. ಕೊಳ್ಳೋರಿಗೆ ತಮ್ಮದೇ ಬೀದಿ, ತಮ್ಮದೇ ಅಡುಗೆಮನೆ ಇಷ್ಟವಾಯ್ತು. ಮೆಟ್ಸು ಇದ್ದದ್ದೂ ಈ ಮಾರ್ಕೆಟ್ ಹತ್ತಿರ, ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ಪಕ್ಕದ ಓಣಿಯಲ್ಲಿ.

ಆದ್ರೆ ಒಂದು ಮಾತು. ಇಷ್ಟು ನಾಜೂಕಾದ ಕೆಲಸಕ್ಕೆ ದುಡ್ಡಿದ್ದೋರೇ ಗಿರಾಕಿ. ತರಕಾರಿ ಮಾರುವಾಕೆ ಚಿತ್ರದೊಳಗೆ ಬಂದಳು, ಚಿತ್ರ ಅವಳ ಮನೆಗೆ ಹೋಗೋದು ಕಷ್ಟವಿತ್ತು. ಆದರೂ ಮುನ್ನೂರೈವತ್ತು ವರ್ಷ ಕಳೆದ ಮೇಲೂ ಅವಳ ಜಗಳ ಮುಗಿದಿಲ್ಲ.

ನಿಮ್ಮ ಫೋನ್ ಗ್ಯಾಲರಿಯಲ್ಲಿ ಸಾವಿರಾರು ಫೋಟೋ ಇರಬಹುದು. ನೀವು ದಿನಾ ತರಕಾರಿ ಕೊಳ್ಳೋರ ಮುಖ ಅದರಲ್ಲಿದೆಯಾ? ಯೋಚನೆ ಮಾಡಿ. ಮತ್ತೆ ಸಿಗೋಣ.