ನಾಯಿ ಜೊತೆ ಮಲೆನಾಡಿಗೆ ಹೊರಟಿದ್ದೀರಾ? ಹಗ್ಗ ಮಾತ್ರ ಬಿಚ್ಚಬೇಡಿ

ಇವತ್ತಿನ ಸಂಚಿಕೆ ನಾಯಿ ಸಾಕಿರೋರಿಗೆ.

ದೀಪಾವಳಿ ಹತ್ತಿರ ಬಂತು ಅಂದ್ರೆ ನನಗೆ ಒಂದೇ ಥರದ ಮೆಸೇಜ್‌ಗಳು ಬರ್ತವೆ. "ಪಟಾಕಿ ಸದ್ದಿಗೆ ನಮ್ಮ ನಾಯಿ ಮಂಚದ ಕೆಳಗಿಂದ ಹೊರಗೇ ಬರಲ್ಲ. ನಾಲ್ಕು ದಿನ ಬೆಂಗಳೂರು ಬಿಟ್ಟು ಎಲ್ಲಿಗೆ ಹೋಗೋದು?" ನಾನೂ ಚುಕ್ಕಿನ ಕರ್ಕೊಂಡು ಊರು ಬಿಡೋಳೇ. ಚುಕ್ಕಿ ನಮ್ಮ ಬೀದೀಲೇ ಹುಟ್ಟಿದ ನಾಯಿ, ಈಗ ಐದು ವರ್ಷ. ನಾವು ಹೋಗೋದು ಮೂಡಿಗೆರೆ ಕಡೆ, ಗೆಳತಿಯ ಮನೆಯವರ ಕಾಫಿ ತೋಟಕ್ಕೆ. ಕಾಫಿ ಒಣಗಿಸೋ ಕಣ ಇರುತ್ತಲ್ಲ, ಆ ಹೊತ್ತಿಗೆ ಅದು ಖಾಲಿ. ಕೊಯ್ಲು ಜೋರಾದ ಮೇಲೆ ಅಲ್ಲಿ ಹಣ್ಣು ಹರಡ್ತಾರೆ, ಆಗ ನಾಯಿ ಕಾಲಿಡೋ ಹಾಗೇ ಇಲ್ಲ. ಮಳೆ ಮುಗಿದು ಕೊಯ್ಲು ಶುರುವಾಗೋ ಮುಂಚಿನ ಈ ಸಣ್ಣ ಗ್ಯಾಪ್‌ನಲ್ಲಿ ಕಣದ ಮೂಲೇಲಿ ಟೆಂಟ್ ಹಾಕ್ತೀವಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ರೀಲ್ಸ್‌ನಲ್ಲಿ ನೋಡಿರ್ತೀರಾ. ಹಸಿರು ಗುಡ್ಡ, ಹಗ್ಗ ಬಿಚ್ಚಿದ ನಾಯಿ, ಸ್ಲೋ ಮೋಷನ್‌ನಲ್ಲಿ ಓಟ. "ಫ್ರೀಡಂ" ಅಂತ ಕ್ಯಾಪ್ಷನ್. ನನ್ನ ಅಭಿಪ್ರಾಯ ಇದಕ್ಕೆ ಉಲ್ಟಾ. ಮಲೆನಾಡಲ್ಲಿ ನಾಯಿಗೆ ಒಳ್ಳೇ ರಜೆ ಕೊಡ್ಬೇಕು ಅಂದ್ರೆ ಹಗ್ಗ ಬಿಚ್ಚಬಾರದು. ಉದ್ದದ ಹಗ್ಗ ಹಾಕಿ, ನಿಮ್ಮ ನಡಿಗೆ ನಿಧಾನ ಮಾಡ್ಕೊಳ್ಳಿ.

ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಖುಷಿ ವಿಷಯ. ವಾಸನೆ ಹಿಡಿಯೋ ಗ್ರಾಹಕಗಳು ನಮ್ಮ ಮೂಗಲ್ಲಿ ಸುಮಾರು 50-60 ಲಕ್ಷ ಇದ್ರೆ, ನಾಯಿ ಮೂಗಲ್ಲಿ 20-30 ಕೋಟಿ ಇರುತ್ತೆ ಅಂತಾರೆ. 2019ರಲ್ಲಿ ಷಾರ್ಲೊಟ್ ದ್ಯೂರಾಂತೊನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ಒಂದು ಗುಂಪಿನ ನಾಯಿಗಳಿಗೆ ಎರಡು ವಾರ ಮೂಸಿ ಹುಡುಕೋ ಆಟ, ಇನ್ನೊಂದು ಗುಂಪಿಗೆ ಮಾಲೀಕರ ಪಕ್ಕದಲ್ಲೇ ಶಿಸ್ತಾಗಿ ನಡೆಯೋ ಅಭ್ಯಾಸ. ಆಮೇಲೆ, ತಿಂಡಿ ಇದೆಯೋ ಇಲ್ವೋ ಗೊತ್ತಾಗದ ಒಂದು ಬಟ್ಟಲು ಇಟ್ಟು ನೋಡಿದ್ರು. ಮೂಸೋ ಆಟ ಆಡಿದ ನಾಯಿಗಳು ಅದರ ಹತ್ರ ಮೊದಲಿಗಿಂತ ಬೇಗ ಹೋದ್ವು. ಅಂದ್ರೆ, "ಏನೋ ಒಳ್ಳೇದು ಇರಬಹುದು" ಅನ್ನೋ ಭರವಸೆ ಅವುಗಳಲ್ಲಿ ಹೆಚ್ಚಾಗಿತ್ತು.

ತೋಟದ ದಾರೀಲಿ ಇದು ಕಣ್ಣಿಗೇ ಕಾಣುತ್ತೆ. ಬೇಲಿ ಬುಡ, ಹಸಿ ಸಗಣಿ, ರಾತ್ರಿ ಕಾಡುಹಂದಿ ಮಣ್ಣು ಕೆದಕಿದ ಜಾಗ, ಮುಳ್ಳುಹಂದಿಯ ಮುಳ್ಳು ಬಿದ್ದಲ್ಲಿ, ಎಲ್ಲಾ ಕಡೆ ಚುಕ್ಕಿ ನಿಲ್ತಾಳೆ. ಅರ್ಧ ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ. ಬೆಂಗಳೂರಲ್ಲಿ "ಬಾ ಬಾ, ಆಫೀಸಿಗೆ ಟೈಮಾಯ್ತು" ಅಂತ ಎಳೆಯೋ ನಾವು, ಅಲ್ಲಿ ಅವಳು ಮುಗಿಸೋ ತನಕ ಕಾಯ್ತೀವಿ. ಕಾಯ್ತಾ ನಿಂತಾಗ ನಮಗೂ ಕೆಲವು ವಿಷಯ ಕಾಣುತ್ತೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಂಗಟ್ಟೆ ಹಕ್ಕಿ ಹಾರೋವಾಗ ರೆಕ್ಕೆಯ ಸದ್ದು. ಈ ಖುಷಿಗೆ ಬೇಕಾಗಿರೋದು ಐದು ಮೀಟರ್ ಹಗ್ಗ, ಒಂದು ಹಾರ್ನೆಸ್ ಅಷ್ಟೇ. ಬಿಕಾಂ ಓದಿದೋಳು, ಖರ್ಚಿನ ಲೆಕ್ಕ ಹೇಳದೆ ಇರಕ್ಕಾಗಲ್ಲ. ಇಡೀ ಟ್ರಿಪ್‌ನಲ್ಲಿ ಅತೀ ಅಗ್ಗದ ಐಟಂ ಇದೇ.

ಎರಡನೇದು, ಅದು ಖಾಲಿ ಜಾಗ ಅಲ್ಲ. ನಮಗೆ 'ನೇಚರ್' ಥರ ಕಾಣೋದು ಇನ್ನೊಬ್ಬರ ಗದ್ದೆ, ಇನ್ನೊಬ್ಬರ ದನದ ದಾರಿ. ನಮ್ಮ ದೀಪಾವಳಿ ರಜೇಲೇ ಅಲ್ಲಿ ಗೋಪೂಜೆ. ದನಗಳ ಮೈ ತೊಳೆದು, ಹೂವಿನ ಹಾರ ಹಾಕಿ, ಪೂಜೆ ಮಾಡಿ ಮೇಯಕ್ಕೆ ಬಿಡ್ತಾರೆ. ತೋಟದ ಮೇಸ್ತ್ರಿ ಮೊದಲ ವರ್ಷವೇ ನಮ್ಮನ್ನ ಕೂರಿಸ್ಕೊಂಡು ಹೇಳಿದ್ರು: "ನಿಮ್ ನಾಯಿ ಒಳ್ಳೇದೇ ಇರಬಹುದು ಅಮ್ಮ. ನಮ್ ದನಕ್ಕೆ ಅದು ಗೊತ್ತಿಲ್ವಲ್ಲ." ಗಬ್ಬದ ಹಸು ಬೆದರಿ ಓಡಿ ಧರೆಯಿಂದ ಕೆಳಗೆ ಬಿದ್ರೆ ಯಾರು ಹೊಣೆ? ಲೈನ್ ಮನೆ ಮುಂದೆ ಕೋಳಿ ಇರ್ತವೆ, ಅವು ಒಬ್ಬರ ಮನೆಯ ಆದಾಯ. ಊರ ನಾಯಿಗಳಿಗೂ ತಮ್ಮ ತಮ್ಮ ಜಾಗ ಇದೆ. ಚುಕ್ಕಿ ಅಲ್ಲಿಗೆ ನೆಂಟಳು.

ಮೇಸ್ತ್ರಿ ಇನ್ನೊಂದು ಮಾತನ್ನೂ ಹೇಳಿದ್ರು, ಅದು ನನಗೆ ಮರೆಯಕ್ಕಾಗಲ್ಲ. ಅವರು ಸಾಕಿದ ಎರಡು ನಾಯಿಗಳನ್ನ ಚಿರತೆ ಒಯ್ದಿದೆ. ಒಂದನ್ನ ಜಗುಲಿಯಿಂದಲೇ. ಮಲೆನಾಡಲ್ಲಿ ಇದು ಅಪರೂಪದ ಸುದ್ದಿ ಅಲ್ಲ, ನಾಯಿ ಅಂದ್ರೆ ಚಿರತೆಗೆ ಸುಲಭದ ಊಟ. ಅದಕ್ಕೇ ನಮ್ಮ ನಿಯಮ: ಸೂರ್ಯ ಮುಳುಗೋ ಮುಂಚೆ ವಾಕ್ ಮುಗೀಬೇಕು, ರಾತ್ರಿ ಚುಕ್ಕಿ ಟೆಂಟ್ ಒಳಗೆ ನಮ್ಮ ಮಧ್ಯೆ ಮಲಗ್ಬೇಕು. ಹೊರಗೆ ಗೂಟಕ್ಕೆ ಕಟ್ಟಿ ಮಲಗಿಸೋ ಮಾತೇ ಇಲ್ಲ. ಹಂದಿಗೆ ಅಂತ ಇಟ್ಟ ಉರುಳು, ಸಿಡಿಮದ್ದು ಕೂಡ ಬೇಲಿ ಪಕ್ಕ ಇರಬಹುದು. ಎರಡೂ ಕಾನೂನುಬಾಹಿರ, ಆದ್ರೂ ಇರ್ತವೆ. ಹಗ್ಗ ಬಿಚ್ಚಿದ ನಾಯಿ ಇವನ್ನ ನಮಗಿಂತ ಮುಂಚೆ ಹುಡುಕುತ್ತೆ.

ಮೂರನೇದು, ಎಲ್ಲಿಗೆ ಹೋಗಬಾರದು. ಕುದುರೆಮುಖ, ನಾಗರಹೊಳೆ, ಬಂಡೀಪುರದಂಥ ರಾಷ್ಟ್ರೀಯ ಉದ್ಯಾನಗಳೊಳಗೆ ಸಾಕುನಾಯಿ ಕರ್ಕೊಂಡು ಹೋಗೋ ಹಾಗಿಲ್ಲ. "ಒಂದು ನಾಯಿಯಿಂದ ಏನಾಗುತ್ತೆ?" ಅಂತ ವಾದ ಮಾಡೋರಿಗೆ ಎರಡು ಉದಾಹರಣೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಸಿಂಹಗಳು ಕೆನೈನ್ ಡಿಸ್ಟೆಂಪರ್ ಅನ್ನೋ ಕಾಯಿಲೆಯಿಂದ ಸತ್ವು. ಅದು ನಾಯಿಗಳ ಕಾಯಿಲೆ, ಸುತ್ತಲಿನ ಊರುಗಳ ನಾಯಿಗಳಿಂದ ಹರಡಿರಬೇಕು ಅನ್ನೋದು ವಿಜ್ಞಾನಿಗಳ ಅಂದಾಜು. 2018ರಲ್ಲಿ ನಮ್ಮ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ವು, ಹಲವು ಸಿಂಹಗಳಲ್ಲಿ ಇದೇ ವೈರಸ್ ಪತ್ತೆಯಾಯ್ತು. ಲಸಿಕೆ ಹಾಕಿಸೋದು ನಮ್ಮ ನಾಯಿಗೋಸ್ಕರ ಮಾತ್ರ ಅಲ್ಲ ಅನ್ನೋದು ಇದಕ್ಕೇ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಸೇರಿದ ಲಸಿಕೆ, ಜೊತೆಗೆ ರೇಬಿಸ್. ಎಲ್ಲಾ ಅವಧಿಯೊಳಗೆ ಇದೆಯಾ ಅಂತ ಪುಸ್ತಕ ತೆಗೆದು ನೋಡಿ. ಮುಗಿದಿದ್ರೆ ಹೊರಡೋಕೆ ಎರಡು ಮೂರು ವಾರ ಮುಂಚೆಯೇ ಡಾಕ್ಟರ್ ಹತ್ರ ಹೋಗಿ.

ಕೊನೇದಾಗಿ ಇಂಬಳ ಮತ್ತು ಉಣ್ಣೆ. ಎಲ್ರೂ ಹೆದರೋದು ಇಂಬಳಕ್ಕೆ. ಅದು ಕಚ್ಚಿದ್ರೆ ಸ್ವಲ್ಪ ಹೊತ್ತು ರಕ್ತ ನಿಲ್ಲಲ್ಲ ನಿಜ, ಆದ್ರೆ ಅಷ್ಟೇ. ಬೆರಳ ಸಂದಿ, ಮೂಗಿನ ಹೊಳ್ಳೆ ನೋಡಿದ್ರೆ ಸಾಕು. ನಿಜವಾಗಿ ಹೆದರಬೇಕಾದ್ದು ಉಣ್ಣೆಗೆ. ನಾಯಿಗೆ ಉಣ್ಣೆ ಜ್ವರ ಬಂದ್ರೆ ಊಟ ಬಿಡುತ್ತೆ, ಒಸಡು ಬಿಳಿಚಿಕೊಳ್ಳುತ್ತೆ, ತಡ ಮಾಡಿದ್ರೆ ಪ್ರಾಣಕ್ಕೇ ಅಪಾಯ. ಮನುಷ್ಯರಿಗೆ ಬರೋ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಹರಡೋದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದಕ್ಕೆ ಕಾಡಿನ ಹೆಸರೇ ಕಾಯಿಲೆಗೂ ಬಂತು. ಚಳಿಗಾಲದಿಂದ ಬೇಸಿಗೆ ತನಕ ಅದರ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ಕಾಡಂಚಿಗೆ ನಾಯಿ ಜೊತೆ ಹೋಗೋ ಪ್ಲ್ಯಾನ್ ಇದ್ರೆ, ಆ ಊರಲ್ಲಿ ಕಾಯಿಲೆ ಇದೆಯಾ ಅಂತ ಮೊದಲು ವಿಚಾರಿಸಿ. ಮಂಗ ಸತ್ತು ಬಿದ್ದಿರೋದು ಕಂಡ್ರೆ ಹತ್ರ ಹೋಗ್ದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಹಾಗಾಗಿ ಹೊರಡೋ ಮುಂಚೆ ಡಾಕ್ಟರ್ ಹತ್ರ ಉಣ್ಣೆ ಮಾತ್ರೆ ತಗೊಳ್ಳಿ. ಪ್ರತಿ ವಾಕ್ ಆದ್ಮೇಲೆ ಟೆಂಟ್ ಒಳಗೆ ಬಿಡೋ ಮುಂಚೆ ಹತ್ತು ನಿಮಿಷ ನಾಯಿ ಮೈ ಸವರಿ. ಕಿವಿ ಒಳಗೆ, ಬೆಲ್ಟ್ ಕೆಳಗೆ, ಕಾಲಿನ ಸಂದಿ, ಬೆರಳ ಮಧ್ಯೆ. ಸಿಕ್ಕಿದ್ರೆ ಚಿಮಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಎಳೀರಿ, ಉಗುರಲ್ಲಿ ಕುಕ್ಕಬೇಡಿ. ಗದ್ದೆ ನೀರು, ನಿಂತ ನೀರು ಕುಡಿಯಕ್ಕೆ ಬಿಡಬೇಡಿ, ಇಲಿಜ್ವರದ ಭಯ. ನೀರು ನೀವೇ ಒಯ್ಯಿರಿ.

ಈ ಮೈ ಸವರೋ ಹತ್ತು ನಿಮಿಷ ನನಗೆ ಇಡೀ ದಿನದಲ್ಲಿ ಇಷ್ಟದ ಹೊತ್ತು. ನೆಟ್‌ವರ್ಕ್ ಇರಲ್ಲ, ಪಕ್ಕದಲ್ಲಿ ಗೆಳತಿ ಸ್ಟವ್ ಮೇಲೆ ಕಾಫಿಗೆ ನೀರು ಇಟ್ಟಿರ್ತಾಳೆ, ಚುಕ್ಕಿ ಅಂಗಾತ ಬಿದ್ದುಕೊಂಡು ಕಣ್ಣು ಮುಚ್ಚಿರ್ತಾಳೆ. ಹಿಂದಿನ ವರ್ಷ ಇದೇ ಹೊತ್ತಿಗೆ ಮಂಚದ ಕೆಳಗೆ ನಡುಗ್ತಿದ್ದ ನಾಯಿ ಅದು.

ಈ ದೀಪಾವಳಿಗೆ ನೀವೂ ಹೊರಟಿದ್ರೆ, ಹೋಮ್‌ಸ್ಟೇ ಬುಕ್ ಮಾಡೋವಾಗ "ನಾಯಿ ತರಬಹುದಾ?" ಅಂತ ಮಾತ್ರ ಕೇಳಬೇಡಿ. "ನಿಮ್ಮಲ್ಲಿ ದನ, ಕೋಳಿ, ನಾಯಿ ಇದ್ಯಾ? ಚಿರತೆ ಓಡಾಟ ಇದ್ಯಾ? ಹತ್ತಿರದ ಪಶು ಆಸ್ಪತ್ರೆ ಎಲ್ಲಿ?" ಅಂತಾನೂ ಕೇಳಿ. ಈ ಮೂರು ಪ್ರಶ್ನೆ ಕೇಳೋ ಅತಿಥಿಗೆ ಅಲ್ಲಿನವರು ಮುಂದಿನ ಸಲಾನೂ ಜಾಗ ಕೊಡ್ತಾರೆ. ನಿಮ್ಮ ನಾಯಿ ಹೆಸರು, ನೀವು ಹೋದ ಊರು, ಕಳಿಸಿ, ಮುಂದಿನ ಸಂಚಿಕೇಲಿ ಓದ್ತೀನಿ. ಹುಷಾರಾಗಿ ಹೋಗ್ಬನ್ನಿ.